ಎರಡು ಬಾದಶಾ, ಒಂದು ಎಕ್ಕಾ

ಕೈಗೆ ಬಂದ ಒಳ್ಳೆಯದನ್ನು ಕೆಳಗಿಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಕೆಟ್ಟ ಎಲೆ ಬಂದರೆ ಯಾರು ಬೇಕಾದರೂ ಇಸ್ಪೀಟು ಎಸೆದು ಎದ್ದುಹೋಗಬಹುದು. ಎರಡು ಬಾದಶಾ ಬಂದವನ ಪಾಡು ಬೇರೆ. ನಾನು ವಾಡಿ ಸ್ಟೇಷನ್ನಿನ ಪಾರ್ಸಲ್ ಕಚೇರಿಯಲ್ಲಿ ಗುಮಾಸ್ತ. ರೈಲು ತಡವಾದಾಗಲೆಲ್ಲ, ಅಂದರೆ ಹೆಚ್ಚುಕಡಿಮೆ ದಿನವೂ, ಒಬ್ಬರು ಗಾರ್ಡ್ ಸಾಹೇಬರು ನಮ್ಮನ್ನು ಕೂಡಿಸಿಕೊಂಡು ಪೋಕರ್ ಆಡಿಸುತ್ತಿದ್ದರು. ಪದ್ಧತಿ ಅವರದೇ. ಒಬ್ಬೊಬ್ಬರ ಕೈಯಲ್ಲಿ ಮುಚ್ಚಿದ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಮೂರು. ಆ ಮೂರನ್ನು ಬಿಚ್ಚುವವರೆಗೆ ಎರಡು ಬಾದಶಾ ಹಿಡಿದವನು ಸಾಕ್ಷಾತ್ ನಿಜಾಮನಿಗೂ ಸಲಾಮು ಹೊಡೆಯಬೇಕಾಗಿಲ್ಲ. ಬಿಚ್ಚಿದಾಗ ಅಲ್ಲೊಂದು ಎಕ್ಕಾ ಕಂಡಿತೋ, ಎದೆ ಧಸಕ್ಕೆನ್ನುತ್ತದೆ. ಎದುರಿನವನ ಕೈಯಲ್ಲಿ ಇನ್ನೊಂದು ಎಕ್ಕಾ ಇದ್ದರೆ ಅವನ ಜೋಡಿಯೇ ದೊಡ್ಡದು. ಬುದ್ಧಿ ಇದ್ದವರು ಆಗ ಪಣ ಬಿಟ್ಟುಕೊಟ್ಟು ತೆಪ್ಪಗೆ ಎಲೆ ಇಳಿಸುತ್ತಾರೆ; ಇಳಿಸಿದವರಿಗೆ ಎದುರಿನವನು ತನ್ನ ಎಲೆ ತೋರಿಸಬೇಕಾಗಿಲ್ಲ. ನಾನು ಇಳಿಸಿದವನಲ್ಲ. "ಅರೇ ಬಾಬೂ, ಬಾದಶಾ ಏನ್ ನಿನಗ ಮಾವ ಆಗಬೇಕೇನು?" ಎಂದು ಸಾಹೇಬರು ನಗುತ್ತಿದ್ದರು. ಪಣಕ್ಕೆ ಹುಣಸೆ ಬೀಜ ಇಡುತ್ತಿದ್ದುದರಿಂದ ನನ್ನ ಸಂಸಾರ ಉಳಿದುಕೊಂಡಿತು.

ಆಟವನ್ನು ಮನೆಗೂ ತಂದೆ. ನನ್ನ ಹೆಂಡತಿ ನೀಲಮ್ಮ ನಾಲವಾರದವಳು. ನಾಗರ ಪಂಚಮಿಯಲ್ಲಿ ಜೋಕಾಲಿ ಆಡಿ ದಣಿದ ಮೇಲೆ ಅಲ್ಲಿ ಹೆಂಗಸರು ಇಸ್ಪೀಟಿಗೆ ಕೂಡುತ್ತಾರೆ. ಇವಳ ಕೈ ಅಲ್ಲಿ ಪಳಗಿತ್ತು. ಆದರೆ ಆಟದಲ್ಲಿ ಸುಳ್ಳು ಹೇಳುವುದು ಮಾತ್ರ ಅವಳಿಗೆ ಬರುತ್ತಿರಲಿಲ್ಲ. "ನನ್ನ ಹಂತ್ಯಾಕ ಎಕ್ಕಾ ಐತ್ರಿ, ಇಳಸ್ರಿ" ಎಂದು ಬಾಯಿಬಿಟ್ಟು ಹೇಳಿಯೇ ಬೀಜ ಮುಂದೆ ತಳ್ಳುತ್ತಿದ್ದಳು. ಆದರೂ ನಾನು ಇಳಿಸುತ್ತಿರಲಿಲ್ಲ. ಎಕ್ಕಾ ಇದ್ದೇ ಇರುತ್ತಿತ್ತು. ನನ್ನ ಬೀಜವೆಲ್ಲ ಅವಳ ಉಡಿಗೆ ಹೋಗುತ್ತಿತ್ತು.

ಒಂದು ಮಳೆಗಾಲದಲ್ಲಿ ನೀಲಮ್ಮನಿಗೆ ಕೆಮ್ಮು ಹತ್ತಿತು. ಕ್ಷಯ ಎಂದರು ಡಾಕ್ಟರು. ಹೈದರಾಬಾದಿನ ದವಾಖಾನೆಯಲ್ಲಿ ಹಾಸಿಗೆ ಖಾಲಿಯಾದರೆ ಹೇಳಿಕಳಿಸುತ್ತಾರೆ ಎಂದೂ ಹೇಳಿದರು. ನಾನು ಆ ಮಾತನ್ನೇ ಹಿಡಿದು ಕುಳಿತೆ. ಅಷ್ಟರಲ್ಲಿ ಪಂಚಮಿ ಬಂತು; ಪದ್ಧತಿಯಂತೆ ಅಕ್ಕನನ್ನು ಕರೆದೊಯ್ಯಲು ಅವಳ ತಮ್ಮ ಶರಣಪ್ಪನೂ ಬಂದ.

"ಈ ಸಲ ಆಗಂಗಿಲ್ಲಪ್ಪ. ದವಾಖಾನಿಯಿಂದ ಯಾವಾಗ ಸುದ್ದಿ ಬರ್ತದೋ ಏನೋ" ಎಂದೆ.

"ಅವ್ವ ದಾರಿ ನೋಡಾಕತ್ತಾಳ್ರಿ, ಮಾಮಾ" ಎಂದು ಅವನು ತಲೆ ತಗ್ಗಿಸಿದ.

ನೀಲಮ್ಮ ಹಾಸಿಗೆಯಲ್ಲೇ ಎದ್ದು ಕುಳಿತಳು. "ಸುದ್ದಿ ಬರ್ತದ್ರಿ. ಅಲ್ಲೀತನಾ ನಾ ಇರಬೇಕಲ್ರೀ? ಒಮ್ಮಿ ಜೋಕಾಲಿ ಆಡಿ, ಅವ್ವನ ಬಾಜೂಕ ಮಲಗಬೇಕು. ಅಷ್ಟ ಸಾಕು ನನಗ." ನಾನು ಒಪ್ಪಲಿಲ್ಲ. ಅವಳು ತಲೆದಿಂಬಿನ ಕೆಳಗಿನಿಂದ ಇಸ್ಪೀಟು ತೆಗೆದಳು. "ಹಂಗಾದ್ರ ಒಂದ ಆಟ ಆಡೂಣು. ನಾ ಗೆದ್ರ ಕಳಸ್ರಿ."

ನನಗೆ ಬಂದದ್ದು ಎರಡು ಬಾದಶಾ. ದೇವರು ನನ್ನ ಕಡೆಗಿದ್ದಾನೆ ಎಂದುಕೊಂಡೆ. ಶರಣಪ್ಪ ನಡುವಿನ ಎಲೆ ಬಿಚ್ಚಿದ. ನಾಲ್ಕು, ಒಂಬತ್ತು, ಎಕ್ಕಾ. ನೀಲಮ್ಮ ತನ್ನ ಬೀಜವನ್ನೆಲ್ಲ ಮುಂದೆ ತಳ್ಳಿದಳು. ಬಳೆಗಳು ಮೊಣಕೈಯಿಂದ ಮಣಿಕಟ್ಟಿನವರೆಗೂ ಸಲೀಸಾಗಿ ಜಾರಿದವು. "ಎಕ್ಕಾ ಐತ್ರಿ. ಇಳಸ್ರಿ."

ಅವಳು ಸುಳ್ಳು ಹೇಳುವವಳಲ್ಲ. ಆ ಬಳೆಗಳನ್ನು ನೋಡಿದ ಮೇಲೆ ನನಗೂ ಹಟ ಹಿಡಿಯುವ ಶಕ್ತಿ ಉಳಿಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಬಾದಶಾಗಳನ್ನು ಕೆಳಗಿಟ್ಟೆ.

ಮಧ್ಯಾಹ್ನದ ಗಾಡಿಗೆ ಅಕ್ಕತಮ್ಮಂದಿರನ್ನು ಕೂಡಿಸಿ ಮನೆಗೆ ಬಂದೆ. ಅವಳ ಎರಡು ಎಲೆ ಹಾಸಿಗೆಯ ಮೇಲೆ ಬೋರಲಾಗಿ ಬಿದ್ದಿದ್ದವು. ಮಗುಚಿ ನೋಡಿದೆ. ಒಂದು ಎರಡರ ಎಲೆ, ಇನ್ನೊಂದು ಏಳರದು. ಆ ಆಟದಲ್ಲಿ ಅದಕ್ಕಿಂತ ದರಿದ್ರ ಕೈ ಇಲ್ಲ. ಇಳಿಸದಿದ್ದರೆ ಗೆಲ್ಲುತ್ತಿದ್ದವನು ನಾನು! ಎಲೆ ಹಿಡಿದುಕೊಂಡು ಅಲ್ಲೇ ಕುಳಿತು ಅತ್ತುಬಿಟ್ಟೆ.

ಪಂಚಮಿಯ ಮರುದಿನ ನಾಲವಾರಕ್ಕೆ ಹೋದೆ. ಅವಳನ್ನು ಜೋಕಾಲಿಯಲ್ಲಿ ಕೂಡಿಸಿ ಮೆಲ್ಲಗೆ ತೂಗಿದ್ದರಂತೆ. ಅವ್ವನ ತೊಡೆಯ ಮೇಲೆ ತಲೆ ಇಟ್ಟುಕೊಂಡಿದ್ದವಳು ನನ್ನನ್ನು ಕಂಡೊಡನೆ, "ಎಲಿ ಎತ್ತಿ ನೋಡಿದ್ರೇನ್ರಿ?" ಎಂದಳು.

"ಇಲ್ಲ. ಎಕ್ಕಾ ಇದ್ದದ್ದು ಗೊತ್ತಿತ್ತಲ್ಲ, ನೋಡೂದೇನು?" ಎಂದೆ.

"ಸುಳ್ಳ ಹೇಳಾಕ ನಿಮಗ ಬರಂಗಿಲ್ರಿ" ಎಂದು ಕೆಮ್ಮುತ್ತಲೇ ನಕ್ಕಳು. ಅವಳು ವಾಡಿಗೆ ಮರಳಲಿಲ್ಲ. ಅಲ್ಲೇ, ಅವ್ವನ ಪಕ್ಕದಲ್ಲೇ ತೀರಿಕೊಂಡಳು. ಹಾಸಿಗೆ ಖಾಲಿಯಾದ ಸುದ್ದಿ ಬಂದದ್ದು ಆಮೇಲೆ. ತಡೆದು ಇಟ್ಟುಕೊಂಡಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಆ ಸುದ್ದಿ ಬರುವವರೆಗೆ ಅವಳಿರುತ್ತಿದ್ದಳೋ ಇಲ್ಲವೋ ಎಂದು ಇವತ್ತಿಗೂ ಕೂತಲ್ಲಿ ನಿಂತಲ್ಲಿ ಯೋಚಿಸುತ್ತೇನೆ.

ರೈಲುಗಳು ಈಗಲೂ ತಡ. ಗಾರ್ಡ್ ಸಾಹೇಬರು ಈಗಲೂ ಎಲೆ ಹಂಚುತ್ತಾರೆ. ಮೊನ್ನೆ ಮತ್ತೆ ಎರಡು ಬಾದಶಾ ಬಂದವು, ನಡುವೆ ಎಕ್ಕಾ ಬಿತ್ತು. ಸಾಹೇಬರು ಬೀಜ ಮುಂದೆ ತಳ್ಳುವುದರೊಳಗೆ ನಾನು ಎಲೆ ಇಳಿಸಿಬಿಟ್ಟೆ. ಅವರು ತಮ್ಮ ಕೈ ಬಿಚ್ಚಿ ತೋರಿಸಿದರು. ಏನೂ ಇರಲಿಲ್ಲ. "ಇಷ್ಟ್ಯಾಕ ಹೆದರತೀ ಬಾಬೂ?" ಎಂದು ಬೈದರು. ಹೆದರಿಕೆಯಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಎದುರಿಗೆ ಕೂತವರಿಗೆ ತವರಿಗೆ ಹೋಗುವುದಿದ್ದರೆ?