ಎದುರು ಮನೆಯವರನ್ನು ಕೇಳಿ

ಪರವೂರಿನಲ್ಲಿ ದಿಂಬಿಗೆ ತಲೆ ತಾಗಿದ ಕೂಡಲೇ ಗೊರಕೆ ಹೊಡೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ನನಗೆ ಆ ಭಾಗ್ಯವಿಲ್ಲ. ಈ ದಿಂಬಿನ ಮೇಲೆ ನಿನ್ನೆ ಯಾರ ತಲೆ ಇತ್ತೋ, ಈ ಬಾಗಿಲಿನ ಇನ್ನೊಂದು ಬೀಗದಕೈ ಯಾರ ಜೇಬಿನಲ್ಲಿದೆಯೋ, ಕಿಟಕಿಯಾಚೆ ಕೆಮ್ಮಿದವನಿಗೆ ನಿಜವಾಗಿಯೂ ಕೆಮ್ಮು ಬಂದಿತ್ತೋ ಅಥವಾ ಇನ್ಯಾರಿಗಾದರೂ ಸನ್ನೆ ಮಾಡಿದನೋ ಎಂದು ಒಂದರ ಹಿಂದೊಂದು ಯೋಚನೆ ಬಂದು ಎದೆಯ ಮೇಲೆ ಕೂರುತ್ತದೆ. ಒಮ್ಮೆ ಮೆಜೆಸ್ಟಿಕ್‌ನ ಲಾಡ್ಜೊಂದರಲ್ಲಿ ಒಂದು ರಾತ್ರಿ ಇಳಿದುಕೊಂಡಾಗ ಹಣದ ಚೀಲವನ್ನು ಹೊಟ್ಟೆಗೆ ಕಟ್ಟಿಕೊಂಡು, ಕುರ್ಚಿಯನ್ನು ಬಾಗಿಲಿಗೆ ಒತ್ತರಿಸಿ, ಅದರ ಮೇಲೆ ನಾನೇ ಕೂತಿದ್ದೆ. ಬೆಳಗ್ಗೆ ನೋಡಿದರೆ ಒಳಗಿನದೆಲ್ಲ ಭದ್ರವಾಗಿತ್ತು, ಬಾಗಿಲ ಹೊರಗೆ ಬಿಟ್ಟಿದ್ದ ಹೊಸ ಚಪ್ಪಲಿ ಮಾತ್ರ ಇರಲಿಲ್ಲ. ಬರಿಗಾಲಲ್ಲಿ ದೊಡ್ಡಬಳ್ಳಾಪುರದ ಬಸ್ಸು ಹತ್ತಿದ ನನ್ನನ್ನು ನೋಡಿ ಕಂಡಕ್ಟರು, "ಯಾವ ದೇವರಿಗೆ ಹರಕೆ, ಯಜಮಾನ್ರೇ?" ಎಂದು ಕೇಳಿದ್ದ.

ಅಸಲಿಗೆ ನಮ್ಮ ನೇಯ್ಗೆಯವರಲ್ಲಿ ಲಾಡ್ಜಿನಲ್ಲಿ ಇಳಿಯುವ ಪದ್ಧತಿಯೇ ಇರಲಿಲ್ಲ. ನಮ್ಮಪ್ಪ ಸೀರೆ ಗಂಟು ಹೊತ್ತು ಧರ್ಮಾವರಕ್ಕೋ ಸೇಲಂಗೋ ಹೋದರೆ, ಬಸ್ಸಿಳಿದು ಒಂದು ಗಳಿಗೆ ಸುಮ್ಮನೆ ನಿಂತು ಕಿವಿಗೊಡುತ್ತಿದ್ದರಂತೆ. ಯಾವ ಕಡೆಯಿಂದ ಮಗ್ಗದ ಸದ್ದು ಬರುತ್ತದೋ ಆ ಬೀದಿಗೆ ಹೋಗಿ, ಮೊದಲ ಮನೆಯ ಜಗಲಿಯ ಮೇಲೆ ಕೂತರೆ ಮುಗಿಯಿತು. ಯಾರ ಪೈಕಿ, ಯಾವ ಗೋತ್ರ ಎಂದು ವಿಚಾರಿಸುವಷ್ಟರಲ್ಲಿ ಒಳಗಿನಿಂದ ಮಜ್ಜಿಗೆ ಬರುತ್ತಿತ್ತು, ಮಜ್ಜಿಗೆಯ ಹಿಂದೆ ಚಾಪೆ ಬರುತ್ತಿತ್ತು. ಆ ಪದ್ಧತಿಯಲ್ಲಿ ಬೆಳೆದ ನನಗೆ, ಹಣ ಕೊಟ್ಟು ಗುರುತಿಲ್ಲದವರ ಸೂರಿನಡಿ ಮಲಗುವುದು ಇವತ್ತಿಗೂ ಒಗ್ಗಿಲ್ಲ.

ಹೀಗಿರುವಾಗ, ತೊಂಬತ್ತರ ದಶಕದ ಶುರುವಿನಲ್ಲಿ ಸಿಂಗಪುರದ ಸೀರೆ ವ್ಯಾಪಾರಿಯೊಬ್ಬರು ನಮ್ಮ ಮಗ್ಗದ ಮನೆಗೆ ಬಂದರು. ನಮ್ಮ ಸೀರೆಗಳ ಅಂಚು ಸೆರಗುಗಳ ಬಣ್ಣ ಆರಿಸುವವಳು ನನ್ನ ಹೆಂಡತಿ ರಾಜಿ. ಅವರು ಒಂದು ಸೀರೆ ಹಿಡಿದುಕೊಂಡು, "ಈ ಬಣ್ಣ ಸೇರಿಸಿದ್ದು ಯಾರು?" ಎಂದರು. ನಾನು ರಾಜಿಯ ಕಡೆ ಕೈ ತೋರಿಸಿದೆ. "ಹಾಗಾದರೆ ಈಯಮ್ಮ ಒಂದು ಸಲ ಬಂದು ನಮ್ಮ ಗಿರಾಕಿಗಳನ್ನು ನೋಡಲಿ. ಅವರಿಗೆ ಏನು ಇಷ್ಟವೋ ತಿಳಿದರೆ ವರ್ಷಪೂರ್ತಿ ಆರ್ಡರ್ ಕೊಡ್ತೀನಿ" ಎಂದು ಹೇಳಿ ಹೋದರು. ಉಳಿದುಕೊಳ್ಳಲು ಒಂದು ಗೆಸ್ಟ್‌ಹೌಸಿನ ವಿಳಾಸವನ್ನೂ ಬರೆದುಕೊಟ್ಟರು. ತಮಿಳು ವಿಧವೆಯೊಬ್ಬರು ತಮ್ಮ ಮನೆಯ ಮಹಡಿಯಲ್ಲಿ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರಂತೆ, ಬಾಗಿಲ ನಂಬರು ಹದಿನಾಲ್ಕು. ರಾಜಿಯ ಮುಖ ಅರಳಿತು. ನನಗೆ ಮಾತ್ರ ಆವತ್ತು ಊಟ ಸೇರಲಿಲ್ಲ. ನನ್ನ ಚಪ್ಪಲಿ ಹೋದರೆ ಹೋಗಲಿ, ಕುತ್ತಿಗೆಯಲ್ಲಿ ಎರಡೆಳೆ ಸರ ಹಾಕಿಕೊಂಡು ಓಡಾಡುವ ಹೆಂಡತಿಯನ್ನು ಕಡಲಾಚೆಯ ಯಾವುದೋ ಮಹಡಿಯಲ್ಲಿ ಇಳಿಸಿ, ಏನಾದರೂ ಹೆಚ್ಚುಕಮ್ಮಿಯಾದರೆ ಯಾರ ಬಾಗಿಲು ಬಡಿಯಲಿ? ಅಲ್ಲಿ ಯಾವ ಬೀದಿಯಲ್ಲಿ ಮಗ್ಗದ ಸದ್ದು ಕೇಳುತ್ತದೆ?

ನಮ್ಮ ಎದುರು ಮನೆಯಲ್ಲಿರುವ ನಂಜುಂಡಪ್ಪ ಚಿಕ್ಕಪ್ಪನ ಹತ್ತಿರ ಹೇಳಿಕೊಂಡೆ. ನಮ್ಮ ಬೀದಿಯ ಅರ್ಧ ಮದುವೆಗಳ ಪೂರ್ವಾಪರ ವಿಚಾರಿಸಿದವರು ಅವರೇ.

"ಸಂಬಂಧ ನೋಡೋವಾಗ ಹೆಣ್ಣಿನ ಮನೇಲಿ ಕೇಳಿದ್ರೆ ಏನಂತಾರಪ್ಪಾ? ಬಂಗಾರದಂಥ ಹುಡುಗಿ ಅಂತಾರೆ. ಎದುರು ಮನೇಲಿ ಕೇಳ್ಬೇಕು ಕಣೋ. ಎದುರು ಮನೆಯವನ ಕಣ್ಣಿಗೆ ಬೀಳದೇ ಇರೋದು ಯಾವ್ದೂ ಇಲ್ಲ. ನೀನೂ ಆ ಹದಿನಾಲ್ಕನೇ ನಂಬರ್ ಎದುರು ಮನೆಗೆ ಒಂದು ಕಾಗ್ದ ಹಾಕು."

ನನಗೆ ಹೋದ ಜೀವ ಬಂದಂತಾಯಿತು. ರಾಜಿ ಸೇಲಂ ಕಡೆಯವಳು. ಮನೆಮಾತು ಕನ್ನಡವೇ ಆದರೂ ಶಾಲೆಯಲ್ಲಿ ಓದಿದ್ದು ತಮಿಳು. ಇಡೀ ಬೀದಿಯಲ್ಲಿ ತಮಿಳು ಓದಿ ಬರೆಯಲು ಬರುವವಳು ಅವಳೊಬ್ಬಳೇ. ನಾನೂ ಚಿಕ್ಕಪ್ಪನೂ ಹೇಳುತ್ತಾ ಹೋದೆವು, ಅವಳು ಹಣೆ ಚಚ್ಚಿಕೊಳ್ಳುತ್ತಲೇ ಬರೆಯುತ್ತಾ ಹೋದಳು. ಆಯಮ್ಮನ ನಡತೆ ಹೇಗೆ? ಹೋಗಿ ಬರುವವರು ಎಂಥವರು? ಕೋಣೆಗೆ ಒಳಗಿನಿಂದ ಚಿಲಕ ಇದೆಯೇ? ಹಾಸಿಗೆಯಲ್ಲಿ ತಿಗಣೆ ಇದೆಯೇ? ಅಕ್ಕಪಕ್ಕದವರ ಜೊತೆ ಜಗಳ ಉಂಟೇ? ಚಿಕ್ಕಪ್ಪ ಅಭ್ಯಾಸಬಲದಿಂದ, "ಮನೆತನದಲ್ಲಿ ಯಾರಿಗಾದ್ರೂ ಮೂರ್ಛೆ ರೋಗ ಇದೆಯಾ, ಕೇಳಮ್ಮ" ಎಂದರು. ಅದನ್ನೂ ಬರೆಸಿದೆವು. ಕಾಗದದ ತಲೆಯಲ್ಲಿ ನಮ್ಮ ಪೂರ್ತಿ ವಿಳಾಸ, ಲಕೋಟೆಯ ಮೇಲೆ "ಹದಿನಾಲ್ಕನೇ ನಂಬರಿನ ಎದುರು ಮನೆಯ ಯಜಮಾನರಿಗೆ" ಎಂದು ಬರೆಸಿ ಅಂಚೆಗೆ ಹಾಕಿದೆ.

ತಿಂಗಳಾದ ಮೇಲೆ ಉತ್ತರ ಬಂತು. ರಾಜಿ ಓದಿ ಹೇಳಿದಳು. ಆ ಮನೆಯಲ್ಲಿ ಚಿಲಕ ಸಡಿಲ, ತಿಗಣೆ ಧಾರಾಳ, ಆಯಮ್ಮ ಬಾಯಿಬಡುಕಿ. ದೇವರು ದೊಡ್ಡವನು, ಕೇಳಿದ್ದು ಎಷ್ಟು ಒಳ್ಳೆಯದಾಯಿತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವಳು ಕೊನೆಯ ಸಾಲು ಓದಿದಳು: "ಆದ್ದರಿಂದ ತಾವು ನಮ್ಮ ಗೆಸ್ಟ್‌ಹೌಸಿನಲ್ಲಿಯೇ ಇಳಿದುಕೊಳ್ಳಬೇಕಾಗಿ ವಿನಂತಿ. ಬೆಳಗಿನ ತಿಂಡಿ ಉಚಿತ."

"ಅವನೂ ಕೋಣೆ ಬಾಡಿಗೆ ಕೊಡೋನೇ ಕಣ್ರೀ. ಇನ್ನೇನ್ ಬರೀತಾನೆ?" ಎಂದಳು ರಾಜಿ.

"ಇರ್ಲಿ, ಹಾಗಾದ್ರೆ ಇವನ ಎದುರು ಮನೆಯವರಿಗೆ ಒಂದು ಕಾಗದ ಬರೆದು ಇವನು ಹೇಗೆ ಅಂತ ವಿಚಾರಿಸೋಣ" ಎಂದೆ.

ರಾಜಿ ನನ್ನನ್ನು ದಿಟ್ಟಿಸಿ ನೋಡಿದಳು. "ಇವನ ಎದುರು ಮನೆ ಅಂದ್ರೆ ಆ ಹದಿನಾಲ್ಕನೇ ನಂಬರೇ ಅಲ್ವೇನ್ರೀ!"

ಆಮೇಲೆ ಅವಳು ನನ್ನನ್ನು ಏನೂ ಕೇಳಲಿಲ್ಲ. ತಾನೇ ಆಯಮ್ಮನಿಗೆ ಕಾಗದ ಬರೆದು ನಾಲ್ಕು ದಿನಕ್ಕೆ ಕೋಣೆ ಕಾಯ್ದಿರಿಸುವಂತೆ ಕೇಳಿದಳು. ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಬಂದದ್ದು ಮೂರೇ ಪದ: "ಕೋಣೆ ಇದೆ, ಬನ್ನಿ." ಎರಡು ತಿಂಗಳು ಏನು ಮಾಡುತ್ತಿದ್ದಳು ಈ ಹೆಂಗಸು ಎಂದು ನನಗೆ ಹೊಸದೊಂದು ಅನುಮಾನ ಹತ್ತಿಕೊಂಡಿತು.

ಪ್ರಯಾಣದ ಕಥೆಯನ್ನು ಉದ್ದ ಮಾಡುವುದಿಲ್ಲ. ಇಬ್ಬರ ಪಾಸ್‌ಪೋರ್ಟನ್ನೂ ಬನಿಯನ್ನಿನ ಒಳಗೆ ಜೇಬು ಹೊಲಿಸಿ ಇಟ್ಟುಕೊಂಡಿದ್ದೆ. ಹೋದಲ್ಲೆಲ್ಲ ಅದನ್ನು ಕೇಳುತ್ತಾರೆಂದು ನನಗೇನು ಗೊತ್ತು? ಮದ್ರಾಸಿನ ವಿಮಾನ ನಿಲ್ದಾಣದಲ್ಲಿ ಮೂರು ಕಡೆ ಅಂಗಿ ಬಿಚ್ಚಿದೆ. ಮೂರನೆಯ ಸಲ ರಾಜಿ ತಾನು ಬೇರೆ ಯಾರ ಜೊತೆಗೋ ಬಂದವಳಂತೆ ಆ ಕಡೆ ತಿರುಗಿ ನಿಂತಳು. ವಿಮಾನ ಮೇಲೇಳುವಾಗ ನಾನು ದೇವರನ್ನು ನೆನೆಯಲಿಲ್ಲ, ಸಡಿಲ ಚಿಲಕವನ್ನೇ ನೆನೆಯುತ್ತಿದ್ದೆ.

ಟ್ಯಾಕ್ಸಿ ನಮ್ಮನ್ನು ಹದಿನಾಲ್ಕನೇ ನಂಬರಿನ ಮುಂದೆ ಇಳಿಸಿದಾಗ ಇನ್ನೂ ಎಳೆ ಬಿಸಿಲು. ಕಬ್ಬಿಣದ ಗ್ರಿಲ್ ಬಾಗಿಲಿನ ಆಚೆ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದರು. ಗ್ರಿಲ್ ತೆಗೆಯಲಿಲ್ಲ. ಕೈ ಚಾಚಿ ಪಾಸ್‌ಪೋರ್ಟ್ ಕೇಳಿದರು. ಬೀದಿಯಲ್ಲೇ ನಾಲ್ಕನೆಯ ಸಲ ಅಂಗಿ ಬಿಚ್ಚಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಫೋಟೋ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಫೋಟೋ ನೋಡಿದರು. ನಾನು ತಿಂಗಳುಗಟ್ಟಲೆ ಅವರನ್ನು ಹೇಗೆ ಕಲ್ಪಿಸಿಕೊಂಡು ಹೆದರಿದ್ದೆನೋ, ಅವರು ನನ್ನನ್ನು ಹಾಗೇ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು.

"ನೀವು ಎದುರು ಮನೆಗೆ ಬರೆದ ಕಾಗದವನ್ನ ಪೋಸ್ಟ್‌ಮ್ಯಾನ್ ನಂಬರ್ ನೋಡಿ ನನಗೇ ಕೊಟ್ಟ" ಎಂದರು ಅವರು ತಮಿಳಿನಲ್ಲಿ. ಮಗ್ಗದ ವ್ಯವಹಾರದಿಂದಾಗಿ ಕೇಳಿದರೆ ಅರ್ಥವಾಗುವಷ್ಟು ತಮಿಳು ನನಗೂ ಬರುತ್ತದೆ. "ಪೂರ್ತಿ ಓದಿದೆ. ಆಮೇಲೆ ಅವನಿಗೇ ಕೊಟ್ಟುಬಂದೆ. ನಮ್ಮ ಮನೆಯಲ್ಲಿ ಯಾರಿಗೂ ಮೂರ್ಛೆ ರೋಗ ಇಲ್ಲಪ್ಪಾ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವರು ಮಾತು ನಿಲ್ಲಿಸಲಿಲ್ಲ. "ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದೆ. ನಾನೂ ಒಂಟಿ ಹೆಂಗಸು, ಗುರುತಿಲ್ಲದ ಗಂಡಸರು ನನ್ನ ಮಹಡಿಯಲ್ಲಿ ಮಲಗ್ತಾರೆ. ನಿಮ್ಮ ಉಪಾಯ ಚೆನ್ನಾಗಿದೆ ಅನ್ನಿಸ್ತು. ನಾನೂ ನಿಮ್ಮ ಎದುರು ಮನೆಗೆ ಬರೆದೆ." ಎರಡು ತಿಂಗಳ ಲೆಕ್ಕ ಅಲ್ಲಿ ಸಿಕ್ಕಿತು. ಸೀರೆಯ ಸೆರಗಿನಿಂದ ಮಡಚಿದ ಕಾಗದವೊಂದನ್ನು ತೆಗೆದು, ಗ್ರಿಲ್ಲಿನ ಒಳಗೇ ನಿಂತು, ನನಗೆ ಕೇಳುವಂತೆ ಓದತೊಡಗಿದರು.

"ಮನುಷ್ಯ ಒಳ್ಳೆಯವನು. ಕುಡಿತ, ಇಸ್ಪೀಟು ಇಲ್ಲ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತಾನೆ, ಬೀಗ ಕಿತ್ತು ಬಂದರೆ ಅದು ಕಳ್ಳನ ಕೆಲಸವಲ್ಲ. ಹಣವನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟು ಎಲ್ಲಿಟ್ಟೆನೆಂದು ತಾನೇ ಮರೆತು ಮನೆಯವರನ್ನು ಅನುಮಾನಿಸುತ್ತಾನೆ. ಹಾಸಿಗೆಯನ್ನು ಟಾರ್ಚ್ ಹಾಕಿ ಹುಡುಕಿದರೆ ಬೇಸರ ಮಾಡಿಕೊಳ್ಳಬೇಡಿ. ಇಂಥವನ ಜೊತೆ ಎಲ್ಲಿಗೆ ಬೇಕಾದರೂ ಧೈರ್ಯವಾಗಿ ಹೋಗಬಹುದು. ಆದರೆ ಹೋಗಿ ಸೇರುವಷ್ಟರಲ್ಲಿ ಜೊತೆಯವರ ಜೀವ ಅರ್ಧವಾಗಿರುತ್ತದೆ. ಇವನಿಗಲ್ಲದಿದ್ದರೂ ಹೆಂಡತಿಯ ಮುಖ ನೋಡಿ ಕೋಣೆ ಕೊಡಿ."

ಓದಿ ಮುಗಿಸಿ ಗ್ರಿಲ್ ತೆಗೆದು ನಮ್ಮನ್ನು ಒಳಗೆ ಕರೆದರು. ಕೋಣೆಯ ಬೀಗದಕೈಯನ್ನು ರಾಜಿಯ ಕೈಗೆ ಕೊಟ್ಟರು. ನಾನು ಕಾಗದವನ್ನು ಇಣುಕಿ ನೋಡಿದೆ. ತಮಿಳು ಓದಲು ಬರದಿದ್ದರೇನು, ಆ ಬಲಕ್ಕೆ ವಾಲಿದ ಅಕ್ಷರಗಳನ್ನು ಹದಿನೆಂಟು ವರ್ಷ ನೋಡಿದ್ದೇನೆ. ರಾಜಿ ಛಾವಣಿ ನೋಡುತ್ತಿದ್ದಳು.

"ತಮಿಳು ಕಾಗದ ಓದಿಸೋಕೆ ಚಿಕ್ಕಪ್ಪ ಇನ್ಯಾರ ಹತ್ರ ಹೋಗ್ತಾರೆ? ಅವರು ಹೇಳಿದ್ದನ್ನ ಬರೆದೆ ಅಷ್ಟೆ. ವಿಚಾರಣೆಯ ವಿಷಯ ಹೊರಗೆ ಬಿಡಬಾರ್ದು ಅಂತ ಆಣೆ ಬೇರೆ ಹಾಕಿಸಿಕೊಂಡ್ರು" ಎಂದಳು.

ಆ ನಾಲ್ಕು ದಿನ ಆಯಮ್ಮನ ಮನೆಯಲ್ಲಿ ಚಿಲಕ ಬಿಗಿಯಾಗಿತ್ತು, ತಿಗಣೆ ಇರಲಿಲ್ಲ. ರಾಜಿ ವ್ಯಾಪಾರಿಯ ಅಂಗಡಿಯಲ್ಲಿ ಕೂತು ಬಣ್ಣಗಳನ್ನು ಗುರುತು ಮಾಡಿಕೊಂಡಳು, ಆರ್ಡರೂ ಬಂತು. ನಾನು ಮಾತ್ರ ಚಿಕ್ಕಪ್ಪನ ಮೇಲೆ ಕುದಿಯುತ್ತಲೇ ಇದ್ದೆ. ಸ್ವಂತ ಚಿಕ್ಕಪ್ಪನೇ ಹೀಗೆ ಮಾನ ತೆಗೆಯುವುದೇ? ಊರಿಗೆ ಬಂದವನು ಚೀಲವನ್ನೂ ಇಳಿಸದೆ ನೇರವಾಗಿ ಎದುರು ಮನೆಗೆ ನುಗ್ಗಿದೆ.

"ಅಷ್ಟುದ್ದ ಬರೆಸೋದೇನಿತ್ತು ಚಿಕ್ಕಪ್ಪ? ಬೀಗ, ಅಕ್ಕಿ ಡಬ್ಬಿ, ಟಾರ್ಚು, ಅರ್ಧ ಜೀವ! ನಾನೇನು ನಿಮ್ಮ ವೈರಿನಾ?"

ಚಿಕ್ಕಪ್ಪ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಯಾವ ಅಕ್ಕಿ ಡಬ್ಬಿನೋ? ನಾನು ಹೇಳಿದ್ದು ಎರಡೇ ಮಾತು. ಮನುಷ್ಯ ಒಳ್ಳೆಯವನು, ಕುಡಿತ ಇಸ್ಪೀಟು ಇಲ್ಲ ಅಂತ. ಅಷ್ಟಕ್ಕೆ ಒಂದು ಪೂರ್ತಿ ಹಾಳೆ ಯಾಕೆ ತುಂಬ್ತು ಅಂತ ನಾನೂ ಆವತ್ತೇ ಅಂದ್ಕೊಂಡೆ."

ನಾನು ಮೆಲ್ಲಗೆ ಹಿಂತಿರುಗಿ ನಮ್ಮ ಮನೆಯ ಕಡೆ ನೋಡಿದೆ. ರಾಜಿ ಬಾಗಿಲಲ್ಲಿ ನಿಂತಿದ್ದಳು. ಹದಿನೆಂಟು ವರ್ಷ ಸಂಸಾರ ಮಾಡಿದ ಹೆಂಡತಿ ನನ್ನ ಬಗ್ಗೆ ಏನೆಂದುಕೊಂಡಿದ್ದಾಳೆಂದು ತಿಳಿಯಲು ನಾನು ಸಿಂಗಪುರದವರೆಗೆ ಹೋಗಿ, ನಡುಬೀದಿಯಲ್ಲಿ ಅಂಗಿ ಬಿಚ್ಚಿ ನಿಂತು ಕೇಳಿಸಿಕೊಂಡು ಬರಬೇಕಾಯಿತು.