ಒಬ್ಬ ವಿರೋಧಿ ಬೇಕಾಗಿದ್ದಾನೆ

ಕಿರ್ರ್! ಹಲಗೆಯ ಮೇಲೆ ಸೀಮೆಸುಣ್ಣ ಎಳೆದ ಸದ್ದಿಗೆ ಬೇರೆಯವರ ಹಲ್ಲು ಜುಮ್ಮೆನ್ನುತ್ತದೆ. ನನಗೆ ಮಾತ್ರ ಶಹಾಪುರದ ಮನೆಯ ಕಟ್ಟೆಯ ಮೇಲೆ ಒಂದು ಸರ್ಕಾರ ಎದ್ದು ಕೂತಂತೆ ಕೇಳುತ್ತದೆ. ಹೌದು, ಯಾವ ಎಲೆಕ್ಷನ್ನಿಗೂ ನಿಲ್ಲದೆ, ಯಾರ ಓಟನ್ನೂ ಕೇಳದೆ ಸರ್ವಾಧಿಕಾರ ನಡೆಸಿದ ಮನುಷ್ಯ ನನ್ನ ತಮ್ಮ!

ಹೈಸ್ಕೂಲಿನಿಂದ ರಿಟೈರ್ ಆದ ಮೇಲೆ ಅವನಿಗೆ ಕಾದಂಬರಿಯ ಹುಚ್ಚು ಹಿಡಿಯಿತು. ಜನರ ತಲೆಯೊಳಗಿನ ಯೋಚನೆಯನ್ನೂ ಆಳುವ ಒಂದು ಸರ್ಕಾರದ ಕತೆ. ಅದು ದಿನಕ್ಕೊಂದು ತಲೆಕೆಳಗಾದ ಘೋಷಣೆ ಹೊರಡಿಸುತ್ತದೆ. ಜನ ಹೂಂ ಎನ್ನುತ್ತಾರೆ. ಒಬ್ಬ ಮಾತ್ರ "ಸುಳ್ಳು" ಎಂದು ಎದ್ದು ನಿಲ್ಲುತ್ತಾನೆ. ಅವನೇ ಹೀರೋ. ಪ್ಲಾಟ್ ವಂಡರ್‌ಫುಲ್! ಆದರೆ ನನ್ನ ತಮ್ಮ ಸೈನ್ಸ್ ಮೇಷ್ಟ್ರು. ಎಕ್ಸ್‌ಪೆರಿಮೆಂಟ್ ಇಲ್ಲದೆ ಏನನ್ನೂ ಬರೆಯುವವನಲ್ಲ.

"ಅಕ್ಕಾ, ಅಂಥಾ ಮನಷ್ಯಾ ಹ್ಯಾಂಗ ನಿಂದರ್ತಾನ, ನಾ ಕಣ್ಣಾರೆ ನೋಡಬೇಕು. ನೋಡದ ಹ್ಯಾಂಗ ಬರೀಲಿ?" ಎಂದು ತಾನೇ ಆ ಸರ್ಕಾರವಾಗಿ, ಘೋಷಣೆ ಬರೆಯಲು ಹಲಗೆಯನ್ನು ಬಗಲಲ್ಲಿಟ್ಟುಕೊಂಡು ವಿರೋಧಿಯನ್ನು ಹುಡುಕಲು ಹೊರಟ.

ಮೊದಲು ಕಾಳಿನ ಅಂಗಡಿ. "ತೂಕ ಕಡಿಮೆಯಾದಷ್ಟೂ ಮಾಲು ಹೆಚ್ಚು" ಎಂದು ಬರೆದು ಎದುರಿಗೆ ಹಿಡಿದ. ಸಾಹುಕಾರರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಭಾಳ ಛಲೋ ಬರದೀರಿ ಸರ್! ಹಲಗಿ ಇಲ್ಲೇ ಬಿಟ್ಟು ಹೋಗ್ರಿ, ತಕ್ಕಡಿ ಮ್ಯಾಲ ತೂಗ ಹಾಕ್ತೀನಿ."

ಮರುದಿನ ಬಸ್ ಸ್ಟ್ಯಾಂಡು. "ಬಾರದ ಬಸ್ಸೇ ಬಂದ ಬಸ್ಸು!" ಸುರಪುರದ ಬಸ್ಸಿಗೆ ಕಾಯುತ್ತಿದ್ದ ಬುರ್ಖಾದ ಮುದುಕಿಯೊಬ್ಬಳು ನಕ್ಕು ಪಕ್ಕಕ್ಕೆ ಸರಿದಳು. "ಖರೇ ಅದ ಮಾಸ್ಟರ್. ಎರಡು ತಾಸಾತು, ನಾ ಅರ್ಧಾ ಹಾದಿ ಮುಟ್ಟೀನಿ. ಬರ್ರಿ, ಕುಂಡ್ರಿ, ಸೀಟ್ ಖಾಲಿ ಅದ!"

ಹೀಗೆ ಎಲ್ಲರೂ ಒಪ್ಪಿಬಿಟ್ಟರೆ ಪಾಪ, ಸರ್ವಾಧಿಕಾರಿ ಎಲ್ಲಿಗೆ ಹೋಗಬೇಕು? ಕೊನೆಗೆ ಅಡುಗೆಮನೆಯ ಬಾಗಿಲಿಗೇ "ಸಪ್ಪೆಯೇ ಉಪ್ಪು" ಎಂದು ತೂಗಿಹಾಕಿದ. ಹೆಂಡತಿಯಾದರೂ ಸಿಡಿದೇಳುತ್ತಾಳೆಂದು ನಂಬಿ, ನೋಟ್‌ಬುಕ್ಕು ಹಿಡಿದು ಕೂತ. ಆಕೆ ನನ್ನ ಕಿವಿಯಲ್ಲಿ, "ಅಕ್ಕಾರ, ಇವ್ರ ಬಿ.ಪಿ. ಸಲುವಾಗಿ ಒಂದು ವರ್ಷದಿಂದ ಕದ್ದು ಉಪ್ಪು ಕಮ್ಮಿ ಹಾಕಾಕತ್ತೀನಿ. ಈಗ ಹುಕುಂ ಅವರ ಕಡಿಂದನ ಬಂತು!" ಎಂದಳು.

ಕಾದಂಬರಿ ಮೂರನೇ ಚಾಪ್ಟರಿನಲ್ಲಿ ನಿಂತುಹೋಯಿತು. ಹೀರೋ ಇಲ್ಲ!

ನಾನಾದರೂ ಎದುರಾಡಬಹುದಿತ್ತಲ್ಲ ಎನ್ನುತ್ತೀರಾ? ಕಾನ್ವೆಂಟಿನಲ್ಲಿ ನನಗೆ ಚೆನ್ನಾಗಿ ಬಂದ ಇಂಗ್ಲಿಷ್ ಎಂದರೆ "ಯೆಸ್, ಸಿಸ್ಟರ್." ಅದನ್ನೇ ಅಪ್ಪನಿಗೆ, ಗಂಡನಿಗೆ, ಕಡೆಗೆ ನೀರು ಬೆರೆಸುವ ಹಾಲಿನವನಿಗೂ ಹೇಳುತ್ತ ಮುದುಕಿಯಾದೆ. "ನಿನ್ನಂಥಾಕಿ ಇದ್ರ ಯಾ ಸರ್ಕಾರನೂ ಬೀಳಂಗಿಲ್ಲ ಬಿಡು," ಎಂದು ಅವನೇ ಕೈಬಿಟ್ಟಿದ್ದ.

ಹೋದ ಚಳಿಗಾಲ ಅವನನ್ನು ಯಾದಗಿರಿಯ ಆಸ್ಪತ್ರೆಗೆ ಸೇರಿಸಿದರು. ಕಿಡ್ನಿ ಎರಡೂ ಸೋತಿದ್ದವು. ಡಾಕ್ಟರು ನಮಗೆ ಹೇಳಿದ್ದನ್ನು ನಾವ್ಯಾರೂ ಅವನಿಗೆ ಹೇಳಲಿಲ್ಲ. ನೋಡಲು ಬಂದವರದೆಲ್ಲ ಒಂದೇ ಮಾತು: "ಆರಾಮ ಆಗೀರಿ ಸರ್, ಮುಖದ ಮ್ಯಾಲ ಎಷ್ಟು ಕಳಾ ಬಂದದ!" ಅವನು ಎಲ್ಲರ ಬಾಯನ್ನೂ ಒಬ್ಬೊಬ್ಬರದಾಗಿ ನೋಡುತ್ತ ಮಲಗಿದ್ದ.

ಮಧ್ಯಾಹ್ನ ಹೆಂಡತಿ ಚಹಾ ತರಲು ಕೆಳಗೆ ಹೋದಳು.

"ಅಕ್ಕಾ, ನಾ ಆರಾಮ ಆಗೀನೇನು?"

ನಾನು ಫ್ಯಾನ್ ನೋಡಿದೆ, ಕಿಟಕಿ ನೋಡಿದೆ. ಯಾವಾಗ ಎದ್ದು ನಿಂತೆನೋ ತಿಳಿಯದು.

"ಇಲ್ಲೋ ತಮ್ಮಾ. ಸುಳ್ಳು. ಎಲ್ಲಾರೂ ಸುಳ್ಳು ಹೇಳಾಕತ್ತೀವಿ."

ಅವನ ಕಣ್ಣು ಅರಳಿತು. ದಿಂಬಿಗೆ ಒರಗಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ಅಲುಗಾಡಬ್ಯಾಡ, ಹಂಗ ನಿಂದ್ರು." ಆಮೇಲೆ ಮೆಲ್ಲಗೆ, "ಕೈ ನಡಗಾಕತ್ತಾವಲ್ಲ ಅಕ್ಕಾ... ಹೀರೋನ ಕೈ ನಡಗತಾವಂತ ನನಗ ಗೊತ್ತಿರಲಿಲ್ಲ," ಎಂದ.

ಚಹಾ ಬರುವವರೆಗೂ ನಾನು ನಿಂತೇ ಇದ್ದೆ, ಅವನು ನೋಡುತ್ತಲೇ ಇದ್ದ. ನಾನು ಅವನನ್ನು ಕಂಡದ್ದು ಅದೇ ಕಡೆಯ ಸಲ.