ಹೆದರಿದ ಮೀನಿಗೆ ಒಂದು ಚಿಟಿಕೆ ಉಪಚಾರ

ಮೀನು ಬಾಯಿ ಬಿಡಲ್ಲ, ಸರಿ. ಸುತ್ತ ಇರೋ ನಮ್ಮಂಥೋರು ಸುಮ್ಮನಿರ್ತೀವಾ? ಹಾಸನದ ಒಂದು ಫಾರ್ಮಸಿ ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್ ಆಗಿ ಮೀನು ನೋಡಿಕೊಂಡಿದ್ದಷ್ಟು ದಿನವೂ ಒಂದಲ್ಲ ಒಂದು ಫಜೀತಿ. ಈಗ ನೆನೆಸಿಕೊಂಡರೆ ನಗುವೂ ಬರುತ್ತೆ, ಕರುಳೂ ಚುರ್ ಅನ್ನುತ್ತೆ.

ಬಸ್ಸಿನಲ್ಲಿ

ಮೈಮೇಲೆ ಪಟ್ಟೆ ಇರೋ ಮೀನು, ಕಿರುಬೆರಳಲ್ಲಿ ಅರ್ಧದಷ್ಟು. ಬೆಂಗಳೂರಿಂದ ನೀರು ತುಂಬಿದ ಚೀಲದಲ್ಲಿ ತೊಡೆ ಮೇಲಿಟ್ಟುಕೊಂಡು ಬರ್ತಿದ್ದೆ. ಹಿರೀಸಾವೆಯಲ್ಲಿ ಹತ್ತಿದ ಅಜ್ಜಿಯೊಬ್ಬಳು ಬಗ್ಗಿ ನೋಡಿ, "ಇದ್ಯಾವ ಮೀನ್ಲಾ ಮಗ? ಸಾರಿಗಾ?" ಅಂದಳು.

"ಅಲ್ಲ ಕಣಜ್ಜಿ, ಭಯ ಓಗ್ಸೋ ಔಸ್ದಿ ಕೊಟ್ಟು ಪರೀಕ್ಷೆ ಮಾಡಾಕೆ."

"ಸಾರಿಗೆ ಬೀಳಾಕಿಲ್ಲ ಅಂದ್ಮೇಲೆ ಅದುಕ್ಕಿನ್ಯಾತರ ಭಯ್ಲಾ!"

ಬಸ್ಸು ಚನ್ನರಾಯಪಟ್ಟಣ ಮುಟ್ಟೋವರೆಗೂ ಜನ ನಗ್ತಾನೇ ಇದ್ದರು.

ಹೊಸ ತೊಟ್ಟಿ

ಪರೀಕ್ಷೆ ಮಾಡ್ತಿದ್ದವರು ಹೊಳೆನರಸೀಪುರದ ಒಬ್ಬ ಮೇಡಂ, ಪಿಎಚ್‌ಡಿಗೆ. ಹೊಸ ತೊಟ್ಟಿಗೆ ಬಿಟ್ಟ ಮೀನು ಹೆದರಿ ತಳ ಸೇರುತ್ತೆ. ಔಷಧಿ ಕೆಲಸ ಮಾಡಿದರೆ ಧೈರ್ಯವಾಗಿ ಮೇಲೆ ಬರುತ್ತೆ. ಮೊದಲ ತಿಂಗಳು ನೋಡಿದರೆ ಔಷಧಿ ಕೊಡದ ಮೀನೂ ಮೇಲೇ! "ನನ್ನ ಔಷಧಿ ದಂಡ" ಅಂತ ಮೇಡಂ ಕಣ್ಣೀರು ಹಾಕಿದರು. ನನಗೆ ತಡೆಯೋಕಾಗಲಿಲ್ಲ.

"ಮೇಡಂ, ಹೊಸ ಜಾಗಕ್ಕೆ ಬಂದಿರೋವು, ಪಾಪ ಅಂತ ನಾನೇ ಮೊದ್ಲೇ ನೀರ್ ಮೇಲೆ ಒಂದ್ ಚಿಟ್ಕೆ ತಿಂಡಿ ಉದುರಿಸ್ತಿದ್ದೆ."

ಮೇಡಂ ಕಣ್ಣು ಒರೆಸಿಕೊಂಡು, "ಉಪಚಾರ ಮಾಡೋಕೆ ನಿಮಗೆ ಮನುಷ್ಯರು ಯಾರೂ ಸಿಗಲಿಲ್ವೇನ್ರೀ?" ಅಂದರು.

ವೈವಾ ದಿನ

ಮೇಡಂ ಪರೀಕ್ಷೆಯನ್ನೆಲ್ಲ ಮೊದಲಿಂದ ಮಾಡಿದರು. ಫಲಿತಾಂಶ ಸರಿಯಾಗಿ ಬಂತು. ನಾನು ಟೆಂಪರರಿ, ಕೆಲಸ ಹೋದೀತು ಅಂತ ನನ್ನ ಹೆಸರೆತ್ತಲೇ ಇಲ್ಲ. ‘ಹೊರಗಿನ ಅಡಚಣೆಯಿಂದ ಮೊದಲ ತಿಂಗಳ ಫಲಿತಾಂಶ ಕೈಬಿಡಲಾಗಿದೆ’ ಅಂತಷ್ಟೇ ಬರೆದರು.

ಮೈಸೂರಿಂದ ಬಂದ ಪರೀಕ್ಷಕರು ಸರಿಯಾಗಿ ಅದೇ ಸಾಲಿಗೆ ಬೆರಳಿಟ್ಟರು. "ಏನಮ್ಮಾ ಈ ಅಡಚಣೆ? ಬೇಡದ ಫಲಿತಾಂಶ ಮುಚ್ಚಿಟ್ಟ ಹಾಗಿದೆ. ಹೇಳದಿದ್ದರೆ ನಾನು ಸಹಿ ಹಾಕಲ್ಲ."

ಮೇಡಂ ತಲೆ ತಗ್ಗಿಸಿದರು. ಹೇಳಿದರೆ ನನ್ನ ಕೆಲಸ, ಹೇಳದಿದ್ದರೆ ಅವರ ಡಿಗ್ರಿ. ಅಂಥ ಇನ್ನೊಬ್ಬ ಹೆಣ್ಣುಮಗಳನ್ನ ನಾನು ನೋಡಿಲ್ಲ. ಕೇಸರಿಬಾತ್ ತಟ್ಟೆ ಹಿಡಿದು ಬಾಗಿಲಲ್ಲಿದ್ದ ನಾನು ಒಳಗೆ ನುಗ್ಗಿದೆ.

"ಸಾ, ಆ ಅಡಚಣೆ ನಾನೇ ಸಾ!" ಅಂತ ನಡೆದದ್ದೆಲ್ಲ ಒಪ್ಪಿಸಿಬಿಟ್ಟೆ.

ಪಕ್ಕದಲ್ಲೇ ಕೂತಿದ್ದ ಪ್ರಿನ್ಸಿಪಾಲರ ಮುಖ ಕೆಂಪಗಾಯ್ತು. ಪರೀಕ್ಷಕರು ನನ್ನ ಕೈಯ ತಟ್ಟೆ ನೋಡಿದರು. ಆಮೇಲೆ ತಮ್ಮ ಮುಂದಿದ್ದ ಇಡ್ಲಿ, ವಡೆಯ ಖಾಲಿ ತಟ್ಟೆಗಳನ್ನ ನೋಡಿದರು.

"ಓಹೋ! ಬೆಳಗ್ಗೆಯಿಂದ ನನ್ನ ಮೇಲೂ ಇದೇ ನಡೀತಿದೆಯಾ?"

ಮೇಡಂ ಅಳುತ್ತಲೇ ನಕ್ಕರು. ಪರೀಕ್ಷಕರು ಸಹಿ ಹಾಕಿ, ಕೇಸರಿಬಾತ್ ಹತ್ತಿರ ಎಳೆದುಕೊಂಡು ಪ್ರಿನ್ಸಿಪಾಲರಿಗೆ ಹೇಳಿದರು: "ಈ ಮನುಷ್ಯನ್ನ ಕೆಲಸದಿಂದ ತೆಗೀಬೇಡಿ ಸ್ವಾಮಿ. ಲ್ಯಾಬಿಂದ ತೆಗೆದು ಕ್ಯಾಂಟೀನಿಗೆ ಹಾಕಿ!"